ದೀವ್‌ನಲ್ಲೂ ಒಂದು ವಿಮಾನ ನಿಲ್ದಾಣವಿದೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ. ಕೇಳಲು ತಪ್ಪಿದವರ ಕೋರಿಕೆಯ ಮೇರೆಗೆ ಇಲ್ಲಿ ಕೊಡುತ್ತಿದ್ದೇವೆ.)



ಹೋದ ತಿಂಗಳು ವಸ್ತ್ರಾಪುರದಿಂದ ಹಿರಿಯ ಕೇಳುಗರೊಬ್ಬರು ಫೋನು ಮಾಡಿದ್ದರು. ಮಾಮೂಲಿನಂತೆ ಹಾಡು ಕೇಳುತ್ತಾರೇನೋ ಅಂದುಕೊಂಡೆ. ಅವರು ಹಾಡು ಕೇಳಲಿಲ್ಲ, ಒಂದು ಪ್ರಶ್ನೆ ಕೇಳಿದರು. ಅವರ ಮಗ ದೀವ್‌ನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಕಳೆದ ಮಳೆಗಾಲದಲ್ಲಿ ತಾಯಿಗೆ ಇದ್ದಕ್ಕಿದ್ದಂತೆ ಹುಷಾರು ತಪ್ಪಿತು. ಸಂಜೆ ಸುದ್ದಿ ಮುಟ್ಟಿದ ಮಗ ಸಿಕ್ಕಿದ ಬಸ್ಸು ಹತ್ತಿ, ರಾತ್ರಿಯಿಡೀ ಕುಲುಕಾಡಿಕೊಂಡು ಬಂದು ಆಸ್ಪತ್ರೆ ಮುಟ್ಟುವಾಗ ಬೆಳಗಾಗಿತ್ತು. "ಅಲ್ಲೊಂದು ವಿಮಾನ ನಿಲ್ದಾಣ ಇದೆ ಅಂತಾರಲ್ಲ, ಅದನ್ನ ಯಾರು ಕಟ್ಟಿದ್ದು, ಯಾಕೆ ಕಟ್ಟಿದ್ದು? ಇದ್ದೂ ನಮ್ಮಂಥವರಿಗೆ ಏನು ಉಪಯೋಗ?" ಎಂದರು.

ಪ್ರಶ್ನೆ ಸಣ್ಣದು, ಉತ್ತರ ಸಣ್ಣದಲ್ಲ. ಇವತ್ತಿನ ಮಾತು ಅದರ ಬಗ್ಗೆಯೇ.

ಅಹಮದಾಬಾದಿನಲ್ಲಿ ಇರುವ ನಮಗೆ ದೀವ್ ಹೆಸರು ಹೊಸದೇನಲ್ಲ. "ಈ ವಾರ ದೀವ್‌ಗೆ ಹೋಗ್ತಿದ್ದೀವಿ" ಎಂದರೆ ಎದುರಿಗಿದ್ದವರು ಒಂದು ಥರಾ ನಗುತ್ತಾರೆ. ಪಾನನಿಷೇಧದ ಗುಜರಾತಿನ ಪಕ್ಕದಲ್ಲೇ ನಿಷೇಧವಿಲ್ಲದ ಊರಿದ್ದರೆ ನಗು ಸಹಜ. ಆದರೆ ಆ ನಗುವಿನಲ್ಲೇ ದೀವ್‌ನ ಕಥೆ ಮುಗಿದುಹೋಗುತ್ತದೆ ಎನ್ನುವುದು ನನ್ನ ದೂರು.

ಮೊದಲು ಭೂಗೋಳ ನೋಡೋಣ. ಸೌರಾಷ್ಟ್ರದ ದಕ್ಷಿಣದ ಅಂಚಿನಲ್ಲಿ, ಉನಾ ಪಟ್ಟಣದ ಕೆಳಗೆ, ಪೂರ್ವ ಪಶ್ಚಿಮವಾಗಿ ಮಲಗಿರುವ ಉದ್ದನೆಯ ದ್ವೀಪ ಅದು. ಉದ್ದ ಸುಮಾರು ಹನ್ನೊಂದು ಕಿಲೋಮೀಟರ್, ಅಗಲ ಎಲ್ಲಿಯೂ ಮೂರು ಕಿಲೋಮೀಟರಿಗೆ ಹೆಚ್ಚಿಲ್ಲ. ನಮ್ಮ ನೆಲಕ್ಕೂ ಅದಕ್ಕೂ ನಡುವೆ ಇರುವುದು ಒಂದು ಕಿರಿದಾದ ಉಪ್ಪುನೀರಿನ ಹಿನ್ನೀರು. ಈಗ ಅದರ ಮೇಲೆ ಸೇತುವೆಗಳಿವೆ. ದಾಟಿದ್ದೇ ಗೊತ್ತಾಗುವುದಿಲ್ಲ. ಕುಂದಾಪುರದ ಕಡೆಯವರಾದರೆ "ಇದೊಂದು ದೊಡ್ಡ ಕುದ್ರು" ಎಂದು ಸುಮ್ಮನಾಗಿಬಿಡುತ್ತಾರೆ. ಸಂಸ್ಕೃತದ 'ದ್ವೀಪ' ಎಂಬ ಮಾತೇ ಸವೆದು 'ದೀವ್' ಆಗಿದೆ. ಅಂದರೆ ಆ ಊರಿಗೆ 'ದ್ವೀಪ' ಎನ್ನುವುದೇ ಹೆಸರು.

ಆ ಪುಟ್ಟ ನೆಲಕ್ಕಾಗಿ ಎಷ್ಟು ಯುದ್ಧಗಳು! 1509ರ ಫೆಬ್ರವರಿ 3ರಂದು ದೀವ್ ಬಂದರಿನ ಮುಂದೆ ಪೋರ್ಚುಗೀಸರ ನೌಕೆಗಳು ಈಜಿಪ್ಟಿನ ಮಾಮ್ಲೂಕರು, ಗುಜರಾತಿನ ಸುಲ್ತಾನ ಮತ್ತು ಕಲ್ಲಿಕೋಟೆಯ ಸಾಮೂದಿರಿ ಕಡೆಯ ನೌಕೆಗಳನ್ನು ಸೋಲಿಸಿದವು. ಅರಬ್ಬೀ ಸಮುದ್ರದ ವ್ಯಾಪಾರ ಯಾರ ಕೈಗೆ ಹೋಗಬೇಕೆನ್ನುವುದನ್ನು ಆ ಒಂದು ದಿನ ಬಹುಮಟ್ಟಿಗೆ ತೀರ್ಮಾನಿಸಿತು. 1535ರಲ್ಲಿ ಸುಲ್ತಾನ ಬಹಾದುರ್ ಶಾ ಮೊಗಲರ ಭಯದಿಂದ ಪೋರ್ಚುಗೀಸರಿಗೆ ಕೋಟೆ ಕಟ್ಟಲು ಅನುಮತಿ ಕೊಟ್ಟ. ಎರಡೇ ವರ್ಷದಲ್ಲಿ, 1537ರಲ್ಲಿ, ಅದೇ ದೀವ್‌ನ ನೀರಿನಲ್ಲಿ ಅವರೊಡನೆ ನಡೆದ ಜಗಳದಲ್ಲಿ ಪ್ರಾಣ ಬಿಟ್ಟ. 1538ರಲ್ಲಿ ಒಂದು ಮುತ್ತಿಗೆ, 1546ರಲ್ಲಿ ಇನ್ನೊಂದು. ಕೋಟೆ ಬೀಳಲಿಲ್ಲ. ಒಟ್ಟು 426 ವರ್ಷ ಪೋರ್ಚುಗೀಸರು ಅಲ್ಲಿ ಉಳಿದರು.

ಅಷ್ಟೂ ವರ್ಷ ದೀವ್‌ಗೆ ದಾರಿಯೆಂದರೆ ಸಮುದ್ರ. ವಿಮಾನ ನಿಲ್ದಾಣದ ಮಾತು ಬಂದದ್ದು ಕೊನೆಯ ಏಳೆಂಟು ವರ್ಷಗಳಲ್ಲಿ ಮಾತ್ರ. ಅದು ಬಂದ ಕಾರಣ ಬಹಳ ಸ್ವಾರಸ್ಯವಾಗಿದೆ.

1947ರಲ್ಲಿ ಬ್ರಿಟಿಷರು ಹೋದರು, ಪೋರ್ಚುಗೀಸರು ಹೋಗಲಿಲ್ಲ. ಗೋವಾ, ದಮಣ, ದೀವ್ ಮೂರೂ ಅವರ ಕೈಯಲ್ಲೇ ಉಳಿದವು. ದಮಣದ ಒಳನಾಡಿನಲ್ಲಿದ್ದ ದಾದ್ರಾ ಮತ್ತು ನಗರ್ ಹವೇಲಿಯನ್ನು 1954ರ ಜುಲೈ, ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಬಿಡಿಸಿಕೊಂಡರು. ತಮ್ಮ ಸೈನಿಕರನ್ನು ಅಲ್ಲಿಗೆ ಕಳಿಸಲು ಪೋರ್ಚುಗೀಸರು ದಾರಿ ಕೇಳಿದರು, ಭಾರತ ಕೊಡಲಿಲ್ಲ. ಅವರು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರು. 1960ರ ಏಪ್ರಿಲ್ 12ರಂದು ತೀರ್ಪು ಬಂತು: ಸಾಮಾನ್ಯ ಜನರಿಗೂ ಸರಕಿಗೂ ಹಾದುಹೋಗುವ ಹಕ್ಕಿತ್ತು, ಸೈನ್ಯಕ್ಕೆ ಇರಲಿಲ್ಲ, ಭಾರತ ತಪ್ಪು ಮಾಡಿಲ್ಲ ಎಂದು.

ನ್ಯಾಯಾಲಯದ ಮಾತು ಹಾಗಿರಲಿ. ಗಡಿಯಲ್ಲಿ ಆಗಲೇ ಬಿಗಿ ಶುರುವಾಗಿತ್ತು. 1955ರ ಆಗಸ್ಟ್ 15ರಂದು ಗೋವಾದ ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಆ ಸತ್ಯಾಗ್ರಹಗಳಿಗೆ ನಮ್ಮ ಬೆಳಗಾವಿ ಒಂದು ಮುಖ್ಯ ನೆಲೆಯಾಗಿತ್ತು ಎನ್ನುವುದನ್ನು ಉತ್ತರ ಕರ್ನಾಟಕದ ಹಿರಿಯರು ಬಲ್ಲರು. ಭಾರತ ರೈಲು ನಿಲ್ಲಿಸಿತು, ಸರಕು ನಿಲ್ಲಿಸಿತು, ಗಡಿ ಮುಚ್ಚಿತು.

ಈಗ ಪೋರ್ಚುಗೀಸರ ಫಜೀತಿ ಯೋಚಿಸಿ. ರಾಜಧಾನಿ ಪಣಜಿಯಿಂದ ದೀವ್‌ಗೆ ಆಕಾಶಮಾರ್ಗದಲ್ಲೇ ಆರುನೂರೈವತ್ತು ಕಿಲೋಮೀಟರಿಗೂ ಮೇಲೆ. ನಡುವೆ ಇರುವುದೆಲ್ಲ ಭಾರತ. ನೆಲದ ಮೇಲೆ ಕಾಲಿಡುವ ಹಾಗಿಲ್ಲ. ಆದರೆ ಪಕ್ಕದ ಅರಬ್ಬೀ ಸಮುದ್ರದ ಮೇಲೆ ಹಾರಿದರೆ ಯಾರ ಅಪ್ಪಣೆಯೂ ಬೇಡ! ಹಾಗಾಗಿ ಗೋವಾದ ದಾಬೋಲಿಂ, ದಮಣ, ದೀವ್ ಮೂರು ಕಡೆಯೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ವಿಮಾನ ನಿಲ್ದಾಣಗಳು ಎದ್ದವು. ದೀವ್‌ನದು 1954ರಲ್ಲಿ, ನಾಗೋವಾ ಹಳ್ಳಿಯ ಬಳಿ. 'ಪೋರ್ಚುಗೀಸ್ ಭಾರತದ ವಾಯುಸಾರಿಗೆ' ಎಂಬ ಅರ್ಥ ಬರುವ, ಟಿ.ಎ.ಐ.ಪಿ. ಎಂಬ ಸ್ವಂತ ವಿಮಾನ ಸಂಸ್ಥೆಯೂ 1955ರಲ್ಲಿ ಹುಟ್ಟಿತು. ಹೆರನ್, ವೈಕಿಂಗ್ ಎಂಬ ಸಣ್ಣ ಸಣ್ಣ ವಿಮಾನಗಳು. ಗೋವಾದಿಂದ ದಮಣ, ದೀವ್, ಅಲ್ಲಿಂದ ಮುಂದೆ ಕರಾಚಿ.

ಅಂದರೆ, ಫೋನು ಮಾಡಿದ ಹಿರಿಯರ ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಇದು. ದೀವ್‌ನ ವಿಮಾನ ನಿಲ್ದಾಣ ಕಟ್ಟಿದ್ದು ಎದುರಿನ ದಡಕ್ಕೆ ಬರುವುದಕ್ಕಲ್ಲ, ಎದುರಿನ ದಡವನ್ನು ತಪ್ಪಿಸಿಕೊಂಡು ಹೋಗುವುದಕ್ಕೆ. ಉನಾದವನಿಗೂ ದೀವ್‌ನವನಿಗೂ ಒಂದೇ ಭಾಷೆ, ಒಂದೇ ರೊಟ್ಟಿ, ಕೊಟ್ಟು ತಂದ ಹೆಣ್ಣುಗಳು. ಅವರ ನಡುವಿನ ಹಿನ್ನೀರು ಗಡಿಯಾಗಿತ್ತು. ತಲೆಯ ಮೇಲೆ ಮಾತ್ರ ಕರಾಚಿಯ ವಿಮಾನ ಹಾರುತ್ತಿತ್ತು.

ಆ ವಿಮಾನ ನಿಂತದ್ದು 1961ರ ಡಿಸೆಂಬರಿನಲ್ಲಿ. ಡಿಸೆಂಬರ್ 18ರ ಬೆಳಗಿನ ಜಾವ 'ಆಪರೇಷನ್ ವಿಜಯ್' ಶುರುವಾಯಿತು. ಪುಣೆಯಿಂದ ಹೊರಟ ಕ್ಯಾನ್‌ಬೆರಾ ವಿಮಾನಗಳು ದಾಬೋಲಿಂ ರನ್‌ವೇ ಮೇಲೆ ಬಾಂಬು ಹಾಕಿದವು. ನಮ್ಮ ಬೆಳಗಾವಿಯ ಸಾಂಬ್ರಾದಿಂದ ಹಾರಿದ ಹಂಟರ್ ವಿಮಾನಗಳು ಬಾಂಬೋಲಿಂನ ನಿಸ್ತಂತು ಕೇಂದ್ರವನ್ನು ಹೊಡೆದವು. ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪವನ್ನು ಹಿಡಿಯಲು ಐ.ಎನ್.ಎಸ್. ಮೈಸೂರು ಮತ್ತು ಐ.ಎನ್.ಎಸ್. ತ್ರಿಶೂಲ್ ಹೋದವು. ಅಲ್ಲಿ ನಮ್ಮ ಏಳು ಮಂದಿ ನೌಕಾಪಡೆಯವರು ತೀರಿಕೊಂಡರು. ನೋಡಿ, ಅಂಜದೀವ್ ಹೆಸರಿನಲ್ಲೂ ಒಂದು 'ದೀವ್' ಇದೆ. ಒಂದೇ ದಿನ, ಒಂದೇ ಯುದ್ಧ, ಎರಡು ದ್ವೀಪಗಳು. ಒಂದು ನಮ್ಮ ಕಾರವಾರದ್ದು, ಇನ್ನೊಂದು ನಾವೀಗ ಇರುವ ಈ ಗುಜರಾತಿನ ಅಂಚಿನದ್ದು.

ದೀವ್‌ನ ಕೋಟೆಯ ಮೇಲೆ ಸಮುದ್ರದಿಂದ ಗುಂಡು ಹಾರಿಸಿದ್ದು ಐ.ಎನ್.ಎಸ್. ದೆಹಲಿ. ಅದೇ ಹಡಗು ಎರಡನೇ ಮಹಾಯುದ್ಧದ ಆರಂಭದಲ್ಲಿ, 1939ರಲ್ಲಿ, 'ಅಕಿಲೀಸ್' ಎಂಬ ಹೆಸರಿನಲ್ಲಿ ಜರ್ಮನಿಯ ಗ್ರಾಫ್ ಸ್ಪೀ ಯುದ್ಧನೌಕೆಯೊಡನೆ ಹೋರಾಡಿತ್ತು. ಆಕಾಶದಿಂದ ಬಂದದ್ದು ವಾಯುಪಡೆಯ 'ತೂಫಾನಿ' ವಿಮಾನಗಳು. ಅವುಗಳ ನಾಯಕ ವಿಂಗ್ ಕಮಾಂಡರ್ ಮಿಕಿ ಬ್ಲೇಕ್. ವಿಮಾನ ನಿಲ್ದಾಣದ ನಿಯಂತ್ರಣ ಗೋಪುರ ಬಿತ್ತು. ಆಮೇಲೆ ಎರಡು ತೂಫಾನಿಗಳು ಸಾವಿರ ಸಾವಿರ ಪೌಂಡಿನ ನಾಲ್ಕು ಬಾಂಬುಗಳನ್ನು ಹಾಕಿ ರನ್‌ವೇಯನ್ನು ಕೆಡಿಸಿದವು.

ಇನ್ನೊಂದು ಸಲ ರನ್‌ವೇ ಮೇಲೆ ಬಾಂಬು ಹಾಕಲು ಬ್ಲೇಕ್ ಅವರೇ ಹೊರಟರು. ಮೇಲಿನಿಂದ ನೋಡಿದರೆ ಕೆಳಗೆ ಜನ ಬಿಳಿ ಬಾವುಟ ಬೀಸುತ್ತಿರುವಂತೆ ಕಂಡಿತು. ಅವರು ಬಾಂಬು ಹಾಕಲಿಲ್ಲ. ದಾಳಿ ಕೈಬಿಟ್ಟು ಹಾಗೆಯೇ ಹಿಂತಿರುಗಿದರು.

ಕೇಳುಗರೇ, ಈ ಸಂಗತಿ ಓದಿದ ಮೇಲೆ ನನಗೆ ಅದು ಮನಸ್ಸಿನಿಂದ ಹೋಗಲಿಲ್ಲ. ಯುದ್ಧದ ಮಧ್ಯೆ, ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವವನು ಕೆಳಗಿನ ಒಂದು ತುಂಡು ಬಿಳಿ ಬಟ್ಟೆಯನ್ನು ಕಾಣಬೇಕು. ಕಂಡರೂ ನಂಬಬೇಕು. ಆಜ್ಞೆ ಇದೆ, ಬಾಂಬೂ ಇದೆ. ಆದರೂ ಕೈ ತಡೆಯಿತು. ಮಾರನೆಯ ದಿನ, ಡಿಸೆಂಬರ್ 19ರಂದು, ದೀವ್‌ನ ಪೋರ್ಚುಗೀಸ್ ಪಡೆ ಶರಣಾಯಿತು. ಹಿನ್ನೀರಿನ ಗಡಿ ಅಳಿಸಿಹೋಯಿತು.

ಮೂರು ನಿಲ್ದಾಣಗಳೂ ಒಂದೇ ತಾಯಿಯ ಮಕ್ಕಳಿದ್ದಂತೆ ಎಂದೆನಲ್ಲ, ಮುಂದೆ ಮೂವರ ಹಣೆಬರಹವೂ ಬೇರೆಬೇರೆಯಾಯಿತು. ದಾಬೋಲಿಂ ನೌಕಾಪಡೆಯ 'ಹಂಸ' ನೆಲೆಯಾಯಿತು. ಜೊತೆಗೇ ಲಕ್ಷಾಂತರ ಪ್ರವಾಸಿಗಳು ಇಳಿಯುವ ನಿಲ್ದಾಣವೂ ಆಯಿತು. ಕಾರವಾರ, ಅಂಕೋಲೆ ಕಡೆಯ ನಮ್ಮವರು ಊರಿಗೆ ಹೋಗುವಾಗ ಎಷ್ಟೋ ಸಲ ಇಳಿಯುವುದು ಅಲ್ಲೇ. ದಮಣದ್ದು ಕೋಸ್ಟ್ ಗಾರ್ಡ್ ಕೈಗೆ ಹೋಯಿತು. ದೀವ್‌ನದು ಮಾತ್ರ ಹಿರಿಯರು ಕಟ್ಟಿಸಿಬಿಟ್ಟ ಹಳೇ ಮನೆಯ ಹಾಗೆ, ಒಮ್ಮೆ ದೀಪ ಹತ್ತುತ್ತದೆ, ಒಮ್ಮೆ ಬೀಗ ಬೀಳುತ್ತದೆ.

ಆಡಳಿತದ ಕಥೆಯೂ ಇದಕ್ಕೆ ಸೇರಿದ್ದೇ. 1987ರ ಮೇ 30ರಂದು ಗೋವಾ ಪೂರ್ಣ ರಾಜ್ಯವಾಯಿತು. ದಮಣ ಮತ್ತು ದೀವ್ ಎರಡೇ ಉಳಿದು ಒಂದು ಕೇಂದ್ರಾಡಳಿತ ಪ್ರದೇಶವಾದವು. 2020ರ ಜನವರಿ 26ರಿಂದ ದಾದ್ರಾ ಮತ್ತು ನಗರ್ ಹವೇಲಿಯೂ ಅವುಗಳ ಜೊತೆ ಸೇರಿತು. ರಾಜಧಾನಿ ದಮಣ. ಈಗ ನಕ್ಷೆ ಬಿಚ್ಚಿ ನೋಡಿ. ದೀವ್‌ನಿಂದ ದಮಣ ಖಂಭಾತ್ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಹಾರಿದರೆ ಸುಮಾರು ಇನ್ನೂರು ಕಿಲೋಮೀಟರ್. ರಸ್ತೆಯಲ್ಲಿ ಕೊಲ್ಲಿಯನ್ನು ಸುತ್ತಿ ಹೋದರೆ ಆರುನೂರು ಕಿಲೋಮೀಟರಿಗೂ ಮಿಕ್ಕಿ! ಒಂದು ಕಾಗದಕ್ಕೆ ರಾಜಧಾನಿಯಲ್ಲಿ ಸಹಿ ಬೇಕಾದರೆ ದೀವ್‌ನವನು ಹೋಗಬೇಕಾದ ದಾರಿ ಅದು. 1961ರಲ್ಲಿ ಹಿನ್ನೀರಿನ ಗಡಿ ಹೋಯಿತು, ಸರಿ. ದೂರ ಹೋಗಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ವಿಮಾನಗಳು ಬಂದವು, ಹೋದವು. ಜೆಟ್ ಏರ್‌ವೇಸ್ ಮುಂಬೈನಿಂದ ಹಾರಿಸುತ್ತಿತ್ತು. ಆ ಸಂಸ್ಥೆಯೇ 2019ರ ಏಪ್ರಿಲ್‌ನಲ್ಲಿ ನೆಲ ಕಚ್ಚಿತು. 2018ರ ಫೆಬ್ರವರಿ 24ರಂದು ದಮಣದಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಿಯವರು ಅಹಮದಾಬಾದ್–ದೀವ್ ವಿಮಾನಕ್ಕೂ ದಮಣ–ದೀವ್ ಹೆಲಿಕಾಪ್ಟರಿಗೂ ಹಸಿರು ಬಾವುಟ ತೋರಿಸಿದರು. ನಮ್ಮೂರಿನಿಂದ ಹೊರಟ ಆ ಸಣ್ಣ ವಿಮಾನದ ಸೇವೆ ಬಹುಕಾಲ ಬಾಳಲಿಲ್ಲ. ಸಾಬರಮತಿಯ ದಂಡೆಯಿಂದ ಕೇವಡಿಯಾಗೆ 2020ರ ಅಕ್ಟೋಬರ್ 31ರಂದು ಶುರುವಾದ ಸೀಪ್ಲೇನ್ ನೆನಪಿದೆಯಲ್ಲ? ನಾವೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದ್ದೇ ನೋಡಿದ್ದು. ಮಾರನೆಯ ವರ್ಷವೇ ಅದೂ ನಿಂತಿತು. ಉದ್ಘಾಟನೆ ಸುಲಭ, ದಿನಾ ಹಾರಿಸುವುದು ಕಷ್ಟ.

ಯಾಕೆ ಕಷ್ಟ? ದೀವ್‌ನ ರನ್‌ವೇ ಸುಮಾರು 1,800 ಮೀಟರ್. ನಮ್ಮ ಅಹಮದಾಬಾದಿನದು ಸುಮಾರು 3,500 ಮೀಟರ್. ಬೇಸಿಗೆಯಲ್ಲಿ ಗಾಳಿ ಕಾದರೆ ತೆಳುವಾಗುತ್ತದೆ, ವಿಮಾನ ಏಳಲು ಇನ್ನೂ ಉದ್ದ ಓಡಬೇಕು. ಹಾಗಾಗಿ ಇಲ್ಲಿಗೆ ಒಗ್ಗುವುದು ರೆಕ್ಕೆಗೊಂದು ಫಂಕ ಇರುವ, ಎಪ್ಪತ್ತು ಜನ ಹಿಡಿಸುವ ಎ.ಟಿ.ಆರ್. ಥರದ ವಿಮಾನ. ಸೀಟು ಕಡಿಮೆ, ಆದಾಯ ಕಡಿಮೆ. ಖರ್ಚು ಕಡಿಮೆಯಿಲ್ಲ. ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ, ನಿರ್ವಹಣೆ ಹೆಚ್ಚು. ಮಳೆಗಾಲದಲ್ಲಿ ಗಾಳಿ ಅಡ್ಡ ಬೀಸಿದರೆ ಇಳಿಯುವುದಕ್ಕಾಗದೆ ವಾಪಸು ಬರಬೇಕಾಗಬಹುದು. ಅದಕ್ಕೆ ಬೇಕಾದ ಇಂಧನವನ್ನೂ ಹೊತ್ತೇ ಹೋಗಬೇಕು. ದೀಪಾವಳಿ ರಜೆಯಲ್ಲಿ ಸೀಟು ಸಿಗುವುದಿಲ್ಲ, ಆಷಾಢದಲ್ಲಿ ಜನ ಸಿಗುವುದಿಲ್ಲ. ಬರೀ ಲಾಭ ನೋಡುವವರಿಗೆ ಇದು ದಕ್ಕುವ ವ್ಯವಹಾರವಲ್ಲ.

ಹಾಗಾದರೆ ಮುಚ್ಚಿಬಿಡಬಹುದೇ? ಇದೇ ಪ್ರಶ್ನೆಯನ್ನು ಜಗತ್ತಿನ ಬೇರೆ ದ್ವೀಪಗಳವರೂ ಕೇಳಿಕೊಂಡಿದ್ದಾರೆ.

ಕೆನಡಾದ ಟೊರಾಂಟೋ ನಗರದ ಮುಂದೆ, ಸರೋವರದ ದ್ವೀಪವೊಂದರಲ್ಲಿ 1939ರಲ್ಲಿ ತೆರೆದ ನಿಲ್ದಾಣವಿದೆ. ದಡಕ್ಕೂ ಅದಕ್ಕೂ ನಡುವಿನ ನೀರು ಬರೀ ನೂರಿಪ್ಪತ್ತು ಮೀಟರ್. ಸೇತುವೆ ಕಟ್ಟಬೇಕೇ ಬೇಡವೇ ಎಂಬುದೇ 2003ರ ನಗರ ಚುನಾವಣೆಯ ದೊಡ್ಡ ವಿಷಯವಾಯಿತು. ಬೇಡ ಎಂದವರು ಗೆದ್ದರು, ಸೇತುವೆ ನಿಂತಿತು. ಕೊನೆಗೆ 2015ರಲ್ಲಿ ನೀರಿನ ಕೆಳಗೆ ಪಾದಚಾರಿಗಳ ಸುರಂಗ ಬಂತು. ಅಲ್ಲಿ ದಡದ ಜನರ ಕಷ್ಟ ಸದ್ದುಗದ್ದಲದ್ದು. ಮಾಲ್ದೀವ್ಸ್‌ನಲ್ಲಿ ಹುಲ್‌ಹುಲೆ ಎಂಬ ಇಡೀ ದ್ವೀಪವೇ ವಿಮಾನ ನಿಲ್ದಾಣ. 1988ರ ನವೆಂಬರ್ 3ರಂದು ಅಲ್ಲಿ ಸರ್ಕಾರ ಉರುಳಿಸುವ ಸಂಚು ನಡೆದಾಗ, ಆಗ್ರಾದಿಂದ ಹೊರಟ ನಮ್ಮ ಸೈನಿಕರು ರಾತ್ರಿ ಇಳಿದದ್ದು ಆ ರನ್‌ವೇ ಮೇಲೆ. ಅದಿಲ್ಲದಿದ್ದರೆ ಅಷ್ಟು ಬೇಗ ಮುಟ್ಟುವ ಮಾತೇ ಇರಲಿಲ್ಲ. ಲಕ್ಷದ್ವೀಪದ ಅಗತ್ತಿಯಲ್ಲಿ 1988ರಲ್ಲಿ ನಿಲ್ದಾಣ ತೆರೆಯುವ ತನಕ ಕೊಚ್ಚಿಗೆ ಹಡಗೇ ಗತಿ. ಜಪಾನಿನವರು 1994ರಲ್ಲಿ ಸಮುದ್ರದಲ್ಲೇ ಮಣ್ಣು ತುಂಬಿ ದ್ವೀಪ ಮಾಡಿ ಕನ್ಸಾಯ್ ನಿಲ್ದಾಣ ಕಟ್ಟಿದರು. 2018ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಅಲ್ಲಿ ರನ್‌ವೇ ಮೇಲೆ ನೀರು ನಿಂತು, ಸೇತುವೆಗೆ ಹಡಗು ಗುದ್ದಿ, ಸಾವಿರಾರು ಪ್ರಯಾಣಿಕರು ಸಿಕ್ಕಿಬಿದ್ದರು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಅನ್ನಿಸುವುದು ಇಷ್ಟು. ದ್ವೀಪದ ವಿಮಾನ ನಿಲ್ದಾಣವನ್ನು ಬಸ್‌ಸ್ಟ್ಯಾಂಡಿನ ಲೆಕ್ಕದಲ್ಲಿ ಅಳೆಯುವುದಕ್ಕಾಗುವುದಿಲ್ಲ. ಅದು ಊರಿನ ಬಾವಿಯಿದ್ದ ಹಾಗೆ. ನಲ್ಲಿಯಲ್ಲಿ ನೀರು ಬರುವ ದಿನ ಯಾರೂ ಬಾವಿಯ ಕಡೆ ನೋಡುವುದಿಲ್ಲ. ನೋಡುವುದಿಲ್ಲವೆಂದು ಮುಚ್ಚಿದರೆ, ನಲ್ಲಿ ನಿಂತ ದಿನ ಗೊತ್ತಾಗುತ್ತದೆ.

ದೀವ್‌ಗೆ ಸೇತುವೆಯಿದೆ, ಒಪ್ಪಿದೆ. ಅಗತ್ತಿಯಷ್ಟು ಒಂಟಿಯಲ್ಲ. ಆದರೆ ಸೇತುವೆ ದಾಟಿದ ಮೇಲೂ ದೊಡ್ಡ ಆಸ್ಪತ್ರೆಯಿರುವ ನಗರಕ್ಕೆ ನೂರಾರು ಕಿಲೋಮೀಟರ್ ಇದೆ. ಈ ನಿಲ್ದಾಣ ಬರೀ ದ್ವೀಪದ್ದೂ ಅಲ್ಲ. ಉನಾ, ಕೋಡಿನಾರ್, ಸೋಮನಾಥ, ಗೀರ್ ಕಾಡು ಎಲ್ಲಕ್ಕೂ ಹತ್ತಿರದ ರನ್‌ವೇಗಳಲ್ಲಿ ಇದೂ ಒಂದು. ಇನ್ನೊಂದು ಮಾತು. ದೀವ್‌ನ ಎಷ್ಟೋ ಮನೆಗಳ ಮಕ್ಕಳು ಇವತ್ತು ಪೋರ್ಚುಗಲ್‌ನಲ್ಲಿ, ಇಂಗ್ಲೆಂಡಿನಲ್ಲಿ ದುಡಿಯುತ್ತಿದ್ದಾರೆ. 1961ಕ್ಕಿಂತ ಮುಂಚೆ ಅಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೋರ್ಚುಗಲ್ ತನ್ನ ಪೌರತ್ವದ ದಾರಿ ತೆರೆದಿಟ್ಟದ್ದು ಇದಕ್ಕೆ ಕಾರಣ. ಊರಿನಲ್ಲಿ ಉಳಿದವರು ವಯಸ್ಸಾದ ತಂದೆ ತಾಯಿ. ಫೋನು ಬಂದಾಗ ಮಗ ಲಂಡನ್ನಿನಿಂದ ಮುಂಬೈಗೆ ಒಂಬತ್ತು ಗಂಟೆಯಲ್ಲಿ ಬರುತ್ತಾನೆ. ಮುಂಬೈನಿಂದ ಮನೆಯ ಬಾಗಿಲಿಗೆ ಬರಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಹೇಗೆ?

ಹೊರಗೆ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಸ್ತ್ರಾಪುರದಲ್ಲಿ, ಮಣಿನಗರದಲ್ಲಿ, ವಡೋದರಾದಲ್ಲಿ, ಸೂರತ್‌ನಲ್ಲಿ ಈ ಕಾರ್ಯಕ್ರಮ ಕೇಳುತ್ತಿರುವ ಪ್ರತಿಯೊಬ್ಬರಿಗೂ ರಾತ್ರಿಯ ಫೋನಿನ ಭಯ ಗೊತ್ತು. ಶಿರಸಿಗೋ ಗದಗಕ್ಕೋ ಚಿತ್ರದುರ್ಗಕ್ಕೋ ಎಷ್ಟು ಹೊತ್ತಿಗೆ ಮುಟ್ಟುತ್ತೇವೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕದ ಮನೆ ಯಾವುದಿದೆ?

ಒಂದು ಚಳಿಗಾಲದಲ್ಲಿ ನಾನು ನಾಗೋವಾ ಕಡಲತೀರಕ್ಕೆ ಹೋಗಿದ್ದೆ. ಅಲ್ಲಿ ಒಂದು ಬಗೆಯ ತಾಳೆಮರಗಳಿವೆ. ತಾಳೆಯೆಂದರೆ ನೇರ ಒಂದೇ ಕಾಂಡ ತಾನೆ? ಇವು ಕವಲೊಡೆಯುತ್ತವೆ. ಸ್ಥಳೀಯರು 'ಹೋಕಾ' ಎನ್ನುತ್ತಾರೆ. ಅದರ ನೆರಳಿನಲ್ಲಿ ಎಳನೀರು ಮಾರುತ್ತಿದ್ದ ಅಜ್ಜನೊಬ್ಬ ಗುಜರಾತಿಯಲ್ಲಿ ಮಾತಿಗೆಳೆದ. ನಾವು ಮಾತಾಡುತ್ತಿದ್ದಾಗ ತಲೆಯ ಮೇಲೆ ಒಂದು ಎ.ಟಿ.ಆರ್. ತಗ್ಗಾಗಿ ಇಳಿದುಹೋಯಿತು. ಮಕ್ಕಳೆಲ್ಲ ಕೈಬೀಸಿದರು. ಅಜ್ಜ ಮೇಲೆ ನೋಡಲಿಲ್ಲ. "ನಾನು ಅದರಲ್ಲಿ ಕೂತಿಲ್ಲ. ಆದರೆ ಸದ್ದು ಕೇಳದ ದಿನ ಏನೋ ಸರಿಯಿಲ್ಲ ಅನ್ನಿಸುತ್ತೆ" ಎಂದ.

ಅದೇ ಮಾತನ್ನು ಉತ್ತರವಾಗಿ ವಸ್ತ್ರಾಪುರದ ಹಿರಿಯರಿಗೆ ಒಪ್ಪಿಸುತ್ತೇನೆ. ಕಟ್ಟಿದವರು ನಮ್ಮನ್ನು ದೂರ ಇಡಲು ಕಟ್ಟಿದರು. ನಮ್ಮವರೇ ಅದನ್ನು ಒಡೆದರು, ಆಮೇಲೆ ನಮ್ಮವರೇ ರಿಪೇರಿ ಮಾಡಿದರು. ಇನ್ನು ಅದನ್ನು ನಮಗೆ ಉಪಯೋಗವಾಗುವಂತೆ ನಡೆಸುವುದೂ ನಮ್ಮದೇ ಕೆಲಸ. ವಾರದಲ್ಲಿ ಇಂಥ ದಿನ, ಇಂಥ ಹೊತ್ತಿಗೆ ವಿಮಾನ ಇದ್ದೇ ಇರುತ್ತದೆ ಎಂಬ ಭರವಸೆ, ಬಡವನ ಕೈಗೂ ಎಟುಕುವ ಒಂದೆರಡು ಸೀಟು, ಕಾಯಿಲೆಯವರಿಗೆ ಮೊದಲ ಜಾಗ. ಕೇಳಬೇಕಾದದ್ದು ಇಷ್ಟು. ಕೇಳುವ ಬಾಯಿ ಇದ್ದರೆ ನಡೆಸುವ ಕೈ ಬರುತ್ತದೆ.

ದೀವ್ ಕಡೆ ಹೊರಟವರಿಗೆ ಒಂದು ಕಿವಿಮಾತು. ವಿಮಾನದ ವೇಳಾಪಟ್ಟಿ ಋತುವಿನಿಂದ ಋತುವಿಗೆ ಬದಲಾಗುತ್ತದೆ, ವಿಚಾರಿಸಿಕೊಂಡು ಹೊರಡಿ. ಹೋದವರು ಕೋಟೆ ನೋಡಿ. 1971ರ ಡಿಸೆಂಬರ್ 9ರಂದು ದೀವ್‌ನ ಆಚೆಯ ಸಮುದ್ರದಲ್ಲಿ ಮುಳುಗಿದ ಐ.ಎನ್.ಎಸ್. ಖುಕ್ರಿ ಹಡಗಿನ ಸ್ಮಾರಕಕ್ಕೂ ಹೋಗಿ, ಅದರ ಜೊತೆಗೇ ಜಲಸಮಾಧಿಯಾದ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಮತ್ತು ಸಂಗಡಿಗರಿಗೆ ಕೈಮುಗಿದು ಬನ್ನಿ. ಸಮಯ ಉಳಿದರೆ ನಾಗೋವಾದಲ್ಲಿ ಐದು ನಿಮಿಷ ನಿಂತು ವಿಮಾನ ಇಳಿಯುವುದನ್ನೂ ನೋಡಿ.

ಅಂದ ಹಾಗೆ, ಆ ತಾಯಿ ಈಗ ಹುಷಾರಾಗಿದ್ದಾರೆ. ಮೊನ್ನೆ ಅವರೇ ಫೋನು ಮಾಡಿ ಹಾಡು ಕೇಳಿದರು. ಮಗನ ಹೆಸರಿನಲ್ಲಿ ಹಾಕಿ ಅಂದರು. ಅದನ್ನೇ ಈಗ ಕೇಳೋಣ.